ಹಿಚುಕಿ ನೋಡಿದ್ದರೆ ಸಾಕಿತ್ತು

ಮೊದಲೇ ಹೇಳಿಬಿಡ್ತೀನಿ, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನು. ಮೆಕ್ಯಾನಿಕ್ ಅಲ್ಲ, ಕಾರು ತಯಾರಿಸಿದವರಲ್ಲ, ನಮ್ಮ ಮಾಮಾನೂ ಅಲ್ಲ. ಥರ್ಮೋಡೈನಾಮಿಕ್ಸ್‌ನಲ್ಲಿ ನೂರಕ್ಕೆ 86 ತೆಗೆದು, ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "ಏನಿಲ್ಲ ಮಾಮಾ, ಆರಾಮ ಹೋಗಬಹುದು" ಅಂದವನು ನಾನು.

ನಮ್ಮ ತಾಯಿಯ ತವರು ಹೊಸರಿತ್ತಿ. ಹಾವೇರಿ ತಾಲ್ಲೂಕಿನಲ್ಲಿ ವರದಾ ನದಿ ದಂಡೆಯ ಊರು. ಅಲ್ಲಿ ಅಜ್ಜಿ ಮನೆ ಪಕ್ಕದ ತಗಡಿನ ಶೆಡ್‌ನಲ್ಲಿ, ಮೊದಲು ಎತ್ತು ಕಟ್ಟುತ್ತಿದ್ದ ಜಾಗದಲ್ಲಿ, ಈಗ ಒಂದು ಬಿಳಿ ಕಾಂಟೆಸ್ಸಾ ನಿಂತಿದೆ. 1996ರ ಮಾಡೆಲ್. ಮಾಮಾ ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡ್ತಾರೆ. ಒಂದು ವರ್ಷ ಒಳ್ಳೆ ದರ ಸಿಕ್ಕಾಗ ಹುಬ್ಬಳ್ಳಿಗೆ ಹೋಗಿ ಸೆಕೆಂಡ್ ಹ್ಯಾಂಡ್ ತಂದ ಗಾಡಿ ಅದು.

ಅದನ್ನ ಸ್ಪೋರ್ಟ್ಸ್ ಕಾರ್ ಅಂದರೆ ಹಾಸ್ಟೆಲ್ ರೂಮಿನಲ್ಲಿ ಫೆರಾರಿ ಪೋಸ್ಟರ್ ಅಂಟಿಸಿಕೊಂಡ ಗೆಳೆಯರು ನಗ್ತಾರೆ. ನಗಲಿ. 1970ರ ದಶಕದ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ವಿನ್ಯಾಸ ಇಟ್ಟುಕೊಂಡು ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಕಾಂಟೆಸ್ಸಾ ಶುರುಮಾಡಿದರು. ಮೊದಲು ಅಂಬಾಸಿಡರ್‌ನ 1.5 ಲೀಟರ್ ಇಂಜಿನ್ ಇತ್ತು, ಆಮೇಲೆ ಇಸುಜು 1.8 ಲೀಟರ್ ಬಂತು. ಉದ್ದ ಬಾನೆಟ್, ಹಿಂದಿನ ಚಕ್ರಕ್ಕೆ ಡ್ರೈವ್. ಮಾರುತಿ 800 ನೋಡಿ ಬೆಳೆದ ನಮ್ಮ ಮಾಮಾನ ತಲೆಮಾರಿಗೆ ಅದೇ ಸ್ಪೋರ್ಟ್ಸ್ ಕಾರ್. 2002ಕ್ಕೆ ತಯಾರಿಕೆ ನಿಂತಿತು. ಅಂದರೆ ಆ ಗಾಡಿಗಳು ಎಷ್ಟು ಉಳಿದಿವೆಯೋ ಅಷ್ಟೇ, ಹೊಸದು ಬರೋದಿಲ್ಲ. ಅದರ ರಬ್ಬರ್ ಪೈಪುಗಳಿಗೂ ಇದೇ ಮಾತು ಅಂತ ನನಗೆ ಆಮೇಲೆ ಗೊತ್ತಾಯಿತು.

ಏಪ್ರಿಲ್‌ನಲ್ಲಿ ಇಂಟರ್ನಲ್ಸ್ ಮುಗಿಸಿ ಎರಡು ದಿನ ಊರಿಗೆ ಹೋಗಿದ್ದೆ. ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿ ವಾರ ಆಗಿತ್ತು. ಮರುದಿನ ದಾವಣಗೆರೆಗೆ ಚೆಕಪ್‌ಗೆ ಕರಕೊಂಡು ಹೋಗಬೇಕಿತ್ತು. ಸಂಜೆ ಮಾಮಾ ಕರೆದರು. "ಲೇ ಇಂಜಿನಿಯರ್, ಬಾ ಇಲ್ಲೆ. ಗಾಡಿ ಕೆಳಗ ಹನಿ ಬಿದ್ದಾವ ನೋಡು." ನೋಡಿದೆ. ರೇಡಿಯೇಟರ್‌ನ ಮೇಲಿನ ಪೈಪು, ಅದು ಇಂಜಿನ್‌ಗೆ ಸೇರುವ ಕಡೆ ಕ್ಲಾಂಪ್ ಹತ್ತಿರ ಒದ್ದೆಯಾಗಿತ್ತು. ಪೈಪು ಹೊರಗಿನಿಂದ ಕರ್ರಗೆ, ಚೆನ್ನಾಗಿಯೇ ಕಾಣಿಸ್ತಿತ್ತು. ಸ್ಕ್ರೂಡ್ರೈವರ್ ತಗೊಂಡು ಕ್ಲಾಂಪ್ ಬಿಗಿ ಮಾಡಿದೆ. ಬೋರ್‌ವೆಲ್ ನೀರು ಒಂದು ತಂಬಿಗೆ ಹಾಕಿದೆ. ಹನಿ ನಿಂತಿತು. ತೀರ್ಪು ಕೊಟ್ಟೆ.

ಮರುದಿನ ಹಾವೇರಿ ದಾಟಿ ಹೈವೇ ಹಿಡಿದೆವು. ಮೋಟೆಬೆನ್ನೂರು ಇನ್ನೂ ಬಂದಿರಲಿಲ್ಲ, ಟೆಂಪರೇಚರ್ ಮುಳ್ಳು ಮೇಲೇರಿತು. ಮಾಮಾ ಗಾಡಿ ನಿಧಾನ ಮಾಡಿದರು. ಸ್ವಲ್ಪ ಹೊತ್ತಿಗೆ ಮುಳ್ಳು ತಾನೇ ಕೆಳಗಿಳಿಯಿತು. "ನೋಡ್ರಿ ಮಾಮಾ, ತಣ್ಣಗಾತು, ಹೊಡೀರಿ" ಅಂದೆ. ಈ ಒಂದು ಮಾತು ನೆನಪಾದರೆ ಈಗಲೂ ನನಗೆ ನಾಚಿಕೆ ಆಗುತ್ತೆ. ಯಾಕೆಂದರೆ ಇಂಜಿನ್ ತಣ್ಣಗಾಗಿರಲಿಲ್ಲ. ಪೈಪು ಒಡೆದು ನೀರೆಲ್ಲ ಹೋಗಿತ್ತು. ಸೆನ್ಸರ್ ಇರೋದು ನೀರಿನ ಉಷ್ಣತೆ ಅಳೆಯೋಕೆ. ಅದರ ಸುತ್ತ ನೀರೇ ಇಲ್ಲದಿದ್ದರೆ ಬರೀ ಗಾಳಿ, ಉಗಿ. ಅವು ದ್ರವದಷ್ಟು ಚೆನ್ನಾಗಿ ಶಾಖ ಮುಟ್ಟಿಸೋದಿಲ್ಲ, ಮುಳ್ಳು ಇಳಿಯುತ್ತೆ. ಹೀಟ್ ಟ್ರಾನ್ಸ್‌ಫರ್ ಅಂತ ಎರಡು ಸೆಮಿಸ್ಟರ್‌ನಿಂದ ಕೇಳ್ತಾ ಇದ್ದೀನಿ. ಅದು ಕಣ್ಣೆದುರು ಡ್ಯಾಶ್‌ಬೋರ್ಡ್ ಮೇಲೆ ನಡೆದಾಗ ನನಗೆ ಗುರುತು ಸಿಗಲಿಲ್ಲ.

ಎರಡು ಕಿಲೋಮೀಟರ್ ಆದಮೇಲೆ ಇಂಜಿನ್ ಟಕಟಕ ಅಂತ ಬಡಿದುಕೊಂಡು ನಿಂತಿತು. ಅಜ್ಜಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ರಸ್ತೆ ಪಕ್ಕ ಬೇವಿನ ಮರದ ನೆರಳಲ್ಲಿ ಎರಡು ತಾಸು ಕೂತರು. ಲಾರಿ ಹೋದಾಗಲೆಲ್ಲ ಧೂಳು. ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳೋರು. ಚೆಕಪ್ ತಪ್ಪಿತು. ಆ ರಾತ್ರಿ ಕಣ್ಣು ಕೆಂಪಾಗಿ ನೀರು ಸುರಿಯೋಕೆ ಶುರುವಾಯಿತು. ಮರುದಿನ ಬಸ್ಸಿನಲ್ಲಿ ಕರಕೊಂಡು ಹೋದೆವು. ಡಾಕ್ಟರು ಏನೂ ಆಗಿಲ್ಲ ಅಂದರು, ಡ್ರಾಪ್ಸ್ ಬದಲಾಯಿಸಿದರು. ಏನೂ ಆಗಲಿಲ್ಲ, ನಿಜ. ಆದರೆ ಅದು ನನ್ನ ಜಾಣತನದಿಂದ ಅಲ್ಲ.

ಗಾಡಿಯನ್ನ ರಾಣೆಬೆನ್ನೂರಿನ ಒಂದು ಗ್ಯಾರೇಜಿಗೆ ಎಳೆಸಿದೆವು. ಅಲ್ಲಿನ ಮೆಕ್ಯಾನಿಕ್ ಅಣ್ಣ ಒಡೆದ ಪೈಪನ್ನ ಬಿಚ್ಚಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಪುಸ್ತಕ ತೆರೆದ ಹಾಗೆ ತೆರೆದು ನನ್ನ ಕೈಗೆ ಕೊಟ್ಟರು. ಹೊರಗೆ ನುಣುಪು. ಒಳಗೆ ಕ್ಲಾಂಪ್ ಕೂರುವ ತುದಿಯ ಹತ್ತಿರ ಉದ್ದುದ್ದ ಬಿರುಕು, ಬೇಸಿಗೆಯ ಕೆರೆ ಅಂಗಳದ ಹಾಗೆ. ಬಿರುಕಿನೊಳಗೆ ನೂಲು ಕೊಳೆತು ಕಾಣಿಸ್ತಿತ್ತು. "ಬರೇ ಮಾರಿ ನೋಡಿ ಹೆಣ್ಣು ಕೊಟ್ಟಂಗ ಮಾಡಿಯಲ್ಲೋ ತಮ್ಮಾ" ಅಂದರು. "ಹಿಚುಕಿ ನೋಡಿದ್ದರ ಸಾಕಿತ್ತು. ಇದರ ಜೀವ ಹೋಗಿ ಭಾಳ ದಿನ ಆಗೇತಿ."

ಆ ಮಾತಿನ ಅರ್ಥ ನನಗೆ ಹಾಸ್ಟೆಲ್‌ಗೆ ಬಂದು ಓದಿದ ಮೇಲೆ ಪೂರ್ತಿ ತಿಳಿಯಿತು. ಕೂಲಂಟ್ ಪೈಪು ಅಂದರೆ ಬರೀ ರಬ್ಬರ್ ಅಲ್ಲ. ಒಳಗೆ ಒಂದು ರಬ್ಬರ್ ಪದರ, ಮಧ್ಯದಲ್ಲಿ ಒತ್ತಡ ತಡೆಯೋಕೆ ನೂಲಿನ ಹೆಣಿಗೆ, ಮೇಲೆ ಇನ್ನೊಂದು ರಬ್ಬರ್ ಪದರ. ಸಾಮಾನ್ಯವಾಗಿ ಇಪಿಡಿಎಂ ಅನ್ನೋ ರಬ್ಬರ್ ಬಳಸ್ತಾರೆ. ಬಿಸಿಗೆ ಅದು ನಿಧಾನವಾಗಿ ಗಟ್ಟಿಯಾಗಿ ಸೀಳುತ್ತೆ. ಇಂಜಿನ್ ಆಯಿಲ್ ಬಿದ್ದರೆ ಉಬ್ಬಿ ಮೆತ್ತಗಾಗುತ್ತೆ. ಮೂರನೇ ಕಾರಣವೇ ಸ್ವಾರಸ್ಯದ್ದು. ಪೈಪು, ಅದರೊಳಗಿನ ದ್ರವ, ತುದಿಯಲ್ಲಿರುವ ಲೋಹ ಮೂರೂ ಸೇರಿ ಒಂದು ಸಣ್ಣ ಬ್ಯಾಟರಿಯ ಹಾಗೆ ವರ್ತಿಸ್ತವೆ. ಆ ಸಣ್ಣ ವಿದ್ಯುತ್ ಕ್ರಿಯೆ ಒಳಪದರದಲ್ಲಿ ಕೂದಲೆಳೆಯಂಥ ಬಿರುಕು ಮಾಡುತ್ತೆ, ದ್ರವ ಅದರೊಳಗೆ ಇಳಿದು ನೂಲನ್ನ ತಿನ್ನುತ್ತೆ. ಎಲೆಕ್ಟ್ರೋಕೆಮಿಕಲ್ ಡಿಗ್ರಡೇಷನ್ ಅಂತ ಇದಕ್ಕೆ ಹೆಸರು. ಲೋಹಕ್ಕೆ ತಾಗುವ ತುದಿಗಳಲ್ಲೇ ಇದು ಜಾಸ್ತಿ. ಹಾಗಾಗಿ ಹೊರಗಿನಿಂದ ಏನೂ ಕಾಣೋದಿಲ್ಲ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಗ್ಯಾಲ್ವಾನಿಕ್ ಸೆಲ್ ಚಿತ್ರ ಬರೆದು ಬಣ್ಣ ತುಂಬಿದವರು ನಾವು. ಅದೇ ಸೆಲ್ ಮನೆ ಶೆಡ್‌ನಲ್ಲಿ ನಿಂತಿತ್ತು!

ಇನ್ನೊಂದು ಲೆಕ್ಕ ನೋಡಿ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಕುಕ್ಕರ್ ವೆಯ್ಟ್ ಇದ್ದ ಹಾಗೆ. ಎಷ್ಟೋ ಕಾರುಗಳಲ್ಲಿ ಅದು 0.9 ಬಾರ್ ಆಸುಪಾಸಿನ ಒತ್ತಡ ಹಿಡಿದಿಡುತ್ತೆ. ಹೊರಗಿನ ಗಾಳಿಯ ಒತ್ತಡ ಸೇರಿಸಿ ಸ್ಟೀಮ್ ಟೇಬಲ್ ತೆಗೆದು ನೋಡಿ: ಬರೀ ನೀರಾದರೂ 100 ಬದಲು ಸುಮಾರು 118 ಡಿಗ್ರಿಗೆ ಕುದಿಯುತ್ತೆ. ಆ ಒತ್ತಡವನ್ನ ಹೊತ್ತು ನಿಂತಿರೋದು ಈ ರಬ್ಬರ್ ಪೈಪು. ಅದು ಒಡೆದ ಕ್ಷಣ ಒತ್ತಡ ಬೀಳುತ್ತೆ, 105 ಡಿಗ್ರಿಯಲ್ಲಿ ಸುಮ್ಮನಿದ್ದ ನೀರು ಒಮ್ಮೆಲೇ ಉಗಿಯಾಗುತ್ತೆ. ಬಿಸಿ ಇದ್ದಾಗ ಮುಚ್ಚಳ ತೆಗೆಯಬಾರದು ಅನ್ನೋದೂ ಇದಕ್ಕೇ.

ಈಗ ವಾದಕ್ಕೆ ಬರ್ತೀನಿ. ಗ್ಯಾರೇಜಿನಲ್ಲಿ ಮಾಮಾ "ಒಡದದ್ದು ಒಂದ ಐತಿ, ಒಂದ ಹಾಕ್ರಿ" ಅಂದರು. ಮೆಕ್ಯಾನಿಕ್ ಅಣ್ಣ ಒಪ್ಪಲಿಲ್ಲ. "ಸಾವಕಾರ್ರ, ಉಳದವೂ ಇದರ ಓರಗಿಯವ ಅದಾವ್ರಿ." ಅವರು ಹೇಳಿದ್ದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮೇಲಿನ ಪೈಪು, ಕೆಳಗಿನ ಪೈಪು, ಬೈಪಾಸ್, ಹೀಟರ್‌ನ ಎರಡು: ಎಲ್ಲವೂ ಒಂದೇ ಬಿಸಿ, ಒಂದೇ ದ್ರವ, ಒಂದೇ ವಯಸ್ಸು. ಒಂದು ಸತ್ತಿದೆ ಅಂದರೆ ಉಳಿದವು ಬದುಕಿವೆ ಅಂತ ಅಲ್ಲ, ಸರದಿಯಲ್ಲಿವೆ ಅಂತ. ಹೊಸ ಪೈಪು ಬಿಗಿಯಾಗಿ ಕೂತರೆ ಒತ್ತಡ ಮತ್ತೆ ಪೂರ್ತಿ ಏರುತ್ತೆ, ಆಗ ಮುಂದಿನ ಬಡಪಾಯಿ ಪೈಪು ಬಾಯಿ ಬಿಡುತ್ತೆ. ಐದೂ ಪೈಪು, ಕ್ಲಾಂಪು, ಮುಚ್ಚಳ, ಥರ್ಮೋಸ್ಟಾಟ್ ಒಟ್ಟಿಗೆ ಬದಲಾಯಿಸೋದೇ ಅಗ್ಗ. ನಮ್ಮ ಬಿಲ್ಲೇ ಸಾಕ್ಷಿ. ಪೈಪು, ಕ್ಲಾಂಪು, ಕೂಲಂಟ್ ಎಲ್ಲ ಸೇರಿ ಮೂರೂವರೆ ಸಾವಿರ ದಾಟಲಿಲ್ಲ. ಬಾಗಿದ ಹೆಡ್ ಬಿಚ್ಚಿ, ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಹಾಕಿ ಕೂರಿಸಿದ್ದಕ್ಕೆ ಇಪ್ಪತ್ತೊಂದು ಸಾವಿರ. ನನ್ನ "ಏನಿಲ್ಲ ಮಾಮಾ" ಅನ್ನೋ ಮಾತಿನ ದರ ಅದು.

ಪೈಪು ಹುಡುಕೋದು ಇನ್ನೊಂದು ಕಥೆ. ಇಪ್ಪತ್ತು ವರ್ಷಕ್ಕೂ ಹಿಂದೆ ನಿಂತುಹೋದ ಕಾರಿಗೆ ಅಚ್ಚಿನಲ್ಲಿ ಬಗ್ಗಿಸಿದ ಪೈಪು ರಾಣೆಬೆನ್ನೂರಿನಲ್ಲಿ ಎಲ್ಲಿ ಸಿಗಬೇಕು? ಕೆಳಗಿನ ಪೈಪು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಬಸ್ಸಿನಲ್ಲಿ ಬಂತು. ಮೇಲಿನದು ಸಿಗಲಿಲ್ಲ. ಅಣ್ಣ ಹಳೇ ಪೈಪನ್ನ ಕೈಯಲ್ಲಿ ಹಿಡಿದು ಅಂಗಡಿ ಅಂಗಡಿ ತಿರುಗಿ, ಒಳವ್ಯಾಸ ಅಳೆದು, ಬಾಗು ಹೊಂದಿಸಿ, ಬೇರೆ ಗಾಡಿಯ ಪೈಪು ತಂದು ಎರಡೂ ತುದಿ ಕತ್ತರಿಸಿ ಕೂರಿಸಿದರು. ನೇರ ಪೈಪನ್ನ ಬಲವಂತದಿಂದ ಬಗ್ಗಿಸಬಾರದು, ಮಡಿಕೆ ಬಿದ್ದು ನೀರಿನ ದಾರಿ ಕಟ್ಟುತ್ತೆ ಅಂದರು. ಕೆಳಗಿನ ಪೈಪಂತೂ ಪಂಪಿನ ಹೀರುವ ಕಡೆ ಇರೋದು, ಮೆತ್ತಗಿದ್ದರೆ ಒಳಕ್ಕೆ ಚಪ್ಪಟೆಯಾಗುತ್ತೆ ಅಂದರು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಅವರು ನನಗಿಂತ ಮುಂದಿದ್ದಾರೆ, ಆದರೆ ಅವರಿಗೆ ಯಾರೂ 86 ಕೊಟ್ಟಿಲ್ಲ. ಕೊನೆಗೆ ಕೂಲಿಯಲ್ಲಿ ಇನ್ನೂರು ರೂಪಾಯಿ ಕಡಿಮೆ ಮಾಡಿ ಅಂತ ಮಾಮಾ ಚೌಕಾಸಿ ಮಾಡಿದಾಗ ನಾನು ಕೆಳಗೆ ನೋಡಿದೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಒಂದು ಭ್ರಮೆ ಇತ್ತು. ವಿಜ್ಞಾನ ಇರೋದು ಇಂಗ್ಲಿಷ್ ಪುಸ್ತಕದಲ್ಲಿ, ಗ್ಯಾರೇಜಿನಲ್ಲಿ ಇರೋದು ಬರೀ ಅನುಭವ ಅಂತ. "ಜೀವ ಹೋಗೇತಿ" ಅಂದಾಗ ಅದು ಸುಮ್ಮನೆ ಮಾತು ಅಂದುಕೊಂಡೆ. ಆದರೆ ಆ ಅಣ್ಣ ಪೈಪಿನ ಮಧ್ಯ ಒಮ್ಮೆ, ತುದಿಯಲ್ಲಿ ಒಮ್ಮೆ ಹಿಚುಕಿ ತೋರಿಸಿದರು. ಮಧ್ಯ ಹಿಚುಕಿದರೆ ಪುಟಿಯುತ್ತೆ. ತುದಿ ಮೆತ್ತಗೆ ಬೆರಳಿಗೆ ಸೋಲುತ್ತೆ, ಒಳಗೆ ಸಣ್ಣಗೆ ಕರಕರ ಅನ್ನುತ್ತೆ. ಜೀವ ಇರೋದಕ್ಕೂ ಹೋದದ್ದಕ್ಕೂ ವ್ಯತ್ಯಾಸ ಅದು. ಕಣ್ಣಿಗೆ ಕಾಣದ ಬಿರುಕನ್ನ ಬೆರಳಿಂದ ಓದೋದು ಪರೀಕ್ಷೆಯೇ. ನಮ್ಮ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಅದಿಲ್ಲ. ಕೂಲಿಂಗ್ ಸಿಸ್ಟಮ್ ಚಿತ್ರ ಇದೆ, ಥರ್ಮೋಸ್ಟಾಟ್ ಕೆಲಸ ಏನು ಅಂತ ವೈವಾ ಪ್ರಶ್ನೆ ಇದೆ. "ಈ ಪೈಪು ಇನ್ನೆಷ್ಟು ದಿನ ಬಾಳುತ್ತೆ, ಹೇಗೆ ಹೇಳ್ತೀಯ?" ಅಂತ ಯಾರೂ ಕೇಳೋದಿಲ್ಲ.

ಇದನ್ನ ರೂಮ್‌ಮೇಟ್‌ಗೆ ಹೇಳಿದಾಗ ಅವನು "ಲೋ, ಅದು ಮೆಕ್ಯಾನಿಕ್ ಕೆಲಸ. ನಾವು ಡಿಸೈನ್ ಮಾಡೋರು" ಅಂದ. ನಾನು ಒಪ್ಪೋದಿಲ್ಲ. ಯಾವುದು, ಎಲ್ಲಿ, ಯಾಕೆ ಸಾಯುತ್ತೆ ಅಂತ ನೋಡದವನು ಏನು ಡಿಸೈನ್ ಮಾಡ್ತಾನೆ? ಕ್ಲಾಂಪಿನ ಸ್ಕ್ರೂ ಕೈಗೆ ಸಿಗದ ಕಡೆ ತಿರುಗಿಸಿ ಇಟ್ಟವನೂ ಯಾವುದೋ ಕಾಲೇಜಿನಲ್ಲಿ ಡಿಸ್ಟಿಂಕ್ಷನ್ ತಗೊಂಡವನೇ ಇರ್ತಾನೆ. ಇನ್ನೊಬ್ಬ "ಮುಂದೆ ಎಲ್ಲ ಎಲೆಕ್ಟ್ರಿಕ್, ಕೂಲಂಟ್ ಯಾರಿಗೆ ಬೇಕು?" ಅಂದ. ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿ ತಣ್ಣಗಿಡೋಕೆ ಕೂಲಂಟೇ ಹರಿಯುತ್ತೆ, ಪೈಪಿನಲ್ಲೇ ಹರಿಯುತ್ತೆ. ಹಳೇ ಗಾಡಿ ಗುಜರಿಗೆ ಹಾಕಬೇಕು ಅನ್ನೋರ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೊಗೆ ಜಾಸ್ತಿ, ಸುರಕ್ಷತೆ ಕಡಿಮೆ. 15 ವರ್ಷ ಆದಮೇಲೆ ಫಿಟ್‌ನೆಸ್ ನೋಡಿ ಆರ್‌ಸಿ ನವೀಕರಿಸೋ ನಿಯಮ ಇರೋದು ಸರಿಯೇ. ಆದರೆ ಇಟ್ಟುಕೊಂಡಿದ್ದೀವಿ ಅಂದಮೇಲೆ ನೋಡಿಕೊಳ್ಳಬೇಕು. ನೋಡಿಕೊಳ್ಳದವನಿಗೆ ಹೊಸ ಗಾಡಿಯೂ ಹತ್ತು ವರ್ಷಕ್ಕೆ ಹಳೇದೇ.

ವಿಷಯ ಕಾರಿಗಷ್ಟೇ ಸೇರಿದ್ದಲ್ಲ. ನಮ್ಮ ಹೊಸರಿತ್ತಿ ಮುಂದೆ ಹರಿಯುವ ವರದಾ, ಗಳಗನಾಥದ ಹತ್ತಿರ ತುಂಗಭದ್ರೆ ಸೇರುತ್ತೆ. ಆ ನೀರು ಹೊಸಪೇಟೆಯ ಅಣೆಕಟ್ಟಿಗೆ ಹೋಗುತ್ತೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 33 ಕ್ರಸ್ಟ್ ಗೇಟುಗಳಲ್ಲಿ 19ನೇದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಹೊತ್ತು. ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆದು, ರೈತರು ಬೆಳೆಗೆ ಅಂತ ಕಾದಿದ್ದ ನೀರನ್ನ ನದಿಗೆ ಬಿಡಬೇಕಾಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಅದು ನಿಜವಾಗಿಯೂ ದೊಡ್ಡ ಸಾಧನೆ. ನಾನೂ ಸ್ಟೇಟಸ್ ಹಾಕಿದ್ದೆ. ಯಾರ ತಪ್ಪು ಅಂತ ಹೇಳೋ ಯೋಗ್ಯತೆ ನನಗಿಲ್ಲ, ಅದು ನನ್ನ ವಿಷಯವೂ ಅಲ್ಲ. ನನ್ನ ಪ್ರಶ್ನೆ ನಮ್ಮ ಬಗ್ಗೆ. ಮುರಿದದ್ದನ್ನ ಕೂಡಿಸಿದವರ ಫೋಟೊ ಎಲ್ಲರ ಫೋನಿನಲ್ಲಿತ್ತು. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗ ಹಳೇ ಚೈನಿಗೆ ಗ್ರೀಸ್ ಹಚ್ಚಿ, ಕೊಂಡಿ ಕೊಂಡಿ ತಟ್ಟಿ ನೋಡುವವನ ಫೋಟೊ ಯಾರಾದರೂ ಹಂಚಿದ್ದೀರಾ? "ಏನೂ ಆಗಲಿಲ್ಲ" ಅನ್ನೋದಕ್ಕೆ ನಾವು ಚಪ್ಪಾಳೆ ಹೊಡೆಯೋದಿಲ್ಲ, ದುಡ್ಡು ಕೊಡೋದಿಲ್ಲ, ಮಾರ್ಕ್ಸ್ ಅಂತೂ ಇಲ್ಲವೇ ಇಲ್ಲ. ನಮ್ಮ ಫೆಸ್ಟ್‌ನಲ್ಲಿ ಸ್ಮಾರ್ಟ್ ಡಸ್ಟ್‌ಬಿನ್ ಪ್ರತಿ ವರ್ಷ ಬಹುಮಾನ ತಗೊಳ್ಳುತ್ತೆ. ಹಾಸ್ಟೆಲ್ ಮೂರನೇ ಮಹಡಿಯ ನಲ್ಲಿ ಪ್ರತಿ ವರ್ಷ ಸೋರುತ್ತೆ.

ಹಾಗಾಗಿ ನನ್ನದು ಎರಡು ಸಣ್ಣ ಬೇಡಿಕೆ. ಒಂದು, ನಮ್ಮ ಟೆಕ್ ಫೆಸ್ಟ್‌ನಲ್ಲಿ ಒಂದು ರಿಪೇರಿ ಸ್ಪರ್ಧೆ ಇರಲಿ. ಹಳೇ ವಸ್ತು ಕೊಡಿ, ಮುಂದೆ ಏನು ಕೆಡುತ್ತೆ ಅಂತ ಮೊದಲೇ ಹೇಳಿದವರಿಗೆ ಬಹುಮಾನ ಕೊಡಿ. ತೀರ್ಪುಗಾರರಾಗಿ ಊರಿನ ಒಬ್ಬ ಮೆಕ್ಯಾನಿಕ್ ಬರಲಿ, ಪ್ರೊಫೆಸರ್ ಪಕ್ಕದ ಕುರ್ಚಿಯಲ್ಲಿ ಕೂರಲಿ.

ಎರಡನೇದು ನಿಮಗೆ. ರಜೆಗೆ ಊರಿಗೆ ಹೋದಾಗ ಮನೆಯ ಗಾಡಿ ಬಾನೆಟ್ ಎತ್ತಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಂತ ಗಾಡಿ ಬೆಳಿಗ್ಗೆ ಆದರೆ ಒಳ್ಳೇದು. ಪ್ರತಿ ಪೈಪಿನ ಮಧ್ಯ ಹಿಚುಕಿ, ಆಮೇಲೆ ಎರಡೂ ತುದಿ ಹಿಚುಕಿ. ಕಲ್ಲಿನ ಹಾಗೆ ಗಟ್ಟಿ ಇದ್ದರೂ ತೊಂದರೆ, ಇಡ್ಲಿ ಹಾಗೆ ಮೆತ್ತಗಿದ್ದರೂ ತೊಂದರೆ. ಉಬ್ಬು, ಆಯಿಲ್ ಜಿಡ್ಡು, ಕ್ಲಾಂಪ್ ಸುತ್ತ ಒಣಗಿದ ಬಿಳಿ ಅಥವಾ ಹಸಿರು ಕಲೆ ಇದ್ದರೆ ಬದಲಾಯಿಸಿ. ಬಿಚ್ಚುವಾಗ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ರೇಡಿಯೇಟರ್ ಬಾಯಿ ಮುರಿಯುತ್ತೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿಯಿರಿ. ಲೋಹದ ಬಾಯಿ ಉಜ್ಜಿ ಸ್ವಚ್ಛ ಮಾಡಿ, ಹೊಸ ಪೈಪಿಗೆ ಗ್ರೀಸ್ ಬೇಡ, ಸ್ವಲ್ಪ ನೀರು ಸಾಕು. ಬಾಯಿಯ ತುದಿಯಲ್ಲಿ ಉಬ್ಬಿದ ಅಂಚು ಇರುತ್ತೆ, ಕ್ಲಾಂಪ್ ಅದರ ಹಿಂದೆ ಕೂರಬೇಕು. ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆ ಪಾತ್ರೆಗೆ ಬಿಳಿ ಪೊರೆ ಕಟ್ಟೋ ನೀರು ರೇಡಿಯೇಟರ್ ಒಳಗೂ ಕಟ್ಟುತ್ತೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ. ನಮ್ಮಲ್ಲಿ ಹಿಮ ಇಲ್ಲ ಅಂತ ಕೂಲಂಟ್ ಬೇಡ ಅನ್ನಬೇಡಿ, ಅದು ತುಕ್ಕನ್ನೂ ತಡೆಯುತ್ತೆ, ಕುದಿಯುವ ಬಿಂದುವನ್ನೂ ಏರಿಸುತ್ತೆ. ತುಂಬಿದ ಮೇಲೆ ಮುಚ್ಚಳ ತೆಗೆದಿಟ್ಟು, ಹೀಟರ್ ಫುಲ್ ಹಾಕಿ ಇಂಜಿನ್ ಓಡಿಸಿ, ಸಿಕ್ಕಿಕೊಂಡ ಗಾಳಿ ಗುಳ್ಳೆ ಹೊರಗೆ ಬರಲಿ. ಎರಡು ದಿನ ಓಡಿದ ಮೇಲೆ ತಣ್ಣಗಿದ್ದಾಗ ಕ್ಲಾಂಪ್ ಇನ್ನೊಮ್ಮೆ ನೋಡಿ. ಮುಖ್ಯವಾಗಿ, ಹಳೇ ಕೂಲಂಟನ್ನ ಗಟಾರಕ್ಕೆ ಚೆಲ್ಲಬೇಡಿ. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಕರು ನೆಕ್ಕಿದರೆ ಸಾಯ್ತವೆ. ಮತ್ತೆ, ಓಡುವಾಗ ಮುಳ್ಳು ಏರಿ ತಾನಾಗಿ ಇಳಿದರೆ ಖುಷಿಪಡಬೇಡಿ. ಗಾಡಿ ನಿಲ್ಲಿಸಿ.

ನಮ್ಮ ಅಜ್ಜ ಬೆಳಿಗ್ಗೆ ನೊಗ ಹೂಡುವ ಮೊದಲು ಎತ್ತಿನ ಹೆಗಲು ಸವರಿ ನೋಡ್ತಿದ್ದರಂತೆ. ಬಾವು ಇದೆಯಾ, ಬಿಸಿ ಇದೆಯಾ ಅಂತ. ಅವರನ್ನ ಯಾರೂ ಇಂಜಿನಿಯರ್ ಅನ್ನಲಿಲ್ಲ. ಈಗ ಅದೇ ಜಾಗದಲ್ಲಿ ಕಾರು ನಿಂತಿದೆ. ಖಂಡೆ ಪೂಜೆಗೆ ಅದನ್ನ ತೊಳೆದು, ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ. ಇಡೋಣ. ಅದಕ್ಕೂ ಮೊದಲು ಬಾನೆಟ್ ಎತ್ತಿ ಹೆಗಲು ಸವರೋಣ.

ಗಾಡಿ ಗ್ಯಾರೇಜಿನಿಂದ ಮನೆಗೆ ಬಂದ ಮೇಲೆ ಎರಡನೇ ಚೆಕಪ್‌ಗೆ ಹೊರಟೆವು. ಮಾಮಾ ಬಾಗಿಲು ತೆರೆದರು. ಅಜ್ಜಿ ಹತ್ತಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು, "ಹಿಚುಕಿ ನೋಡಿಯೇನೋ?"

"ನೋಡೇನಿ ಅಜ್ಜಿ. ಐದೂ ನೋಡೇನಿ" ಅಂದೆ. ಆಮೇಲೆ ಹತ್ತಿದರು.